ಶಿರಾಡಿ ಘಾಟಿ ಇಳಿಯುವ ಮೊದಲು: ನಮ್ಮ ಡ್ರೈವರ್‌ಗಳ ನಿದ್ದೆ ಲೆಕ್ಕ

ಡ್ರೈವರ್‌ಗಳ ನಿದ್ದೆಗೂ ಲೆಕ್ಕ ಇಡೋಣ ಅಂದಾಗ ಆಫೀಸಿನಲ್ಲಿ ನಕ್ಕವರೇ ಜಾಸ್ತಿ. ಈಗ ಎರಡು ಮಳೆಗಾಲ ಕಳೆದಿದೆ. ಬೆಂಗಳೂರು–ಮಂಗಳೂರು ಲೈನಿನಲ್ಲಿ ನಮ್ಮ ಹತ್ತು ಹನ್ನೆರಡು ಸ್ಲೀಪರ್ ಬಸ್ಸುಗಳು ಈ ಲೆಕ್ಕದ ಮೇಲೆಯೇ ಓಡುತ್ತಿವೆ. ನಕ್ಕವರಲ್ಲೇ ಇಬ್ಬರು ಬೇರೆ ಟ್ರಾವೆಲ್ಸ್ ಸೇರಿಕೊಂಡು, ಶೀಟ್ ಕಳಿಸಿ ಅಂತ ಫೋನ್ ಮಾಡಿದ್ದಾರೆ. ಪೂರ್ತಿ ಶೀಟ್ ಕೊಡಲ್ಲ. ದಾರಿ ಮಾತ್ರ ಹೇಳುತ್ತೇನೆ.

ಮೊದಲು ಡ್ಯೂಟಿ ಗಂಟೆಯ ಲೆಕ್ಕ ಇಡುವ ರೆಡಿಮೇಡ್ ಸಾಫ್ಟ್‌ವೇರ್ ತಂದಿದ್ದೆವು. ತಲೆಗೆ ಇಷ್ಟು ಅಂತ ತಿಂಗಳ ಬಾಡಿಗೆ, ವರ್ಷಕ್ಕೆ ಒಂದೂವರೆ ಲಕ್ಷದ ಹತ್ತಿರ ಹೋಯಿತು. ಅದು ದಿನವನ್ನು ರಾತ್ರಿ 12ಕ್ಕೆ ಕತ್ತರಿಸುತ್ತಿತ್ತು. ನಮ್ಮ ಗಾಡಿ ಮೆಜೆಸ್ಟಿಕ್ ಬಿಡುವುದೇ 11ಕ್ಕೆ. ಒಂದೇ ಡ್ಯೂಟಿ ಎರಡು ತಾರೀಕಿಗೆ ಹಂಚಿಹೋಗಿ, ಎಲ್ಲರ ಹೆಸರಿನ ಮುಂದೆಯೂ ಹಸಿರು ಬಣ್ಣ, ಅಂದರೆ ಎಲ್ಲ ಸರಿ. ಎರಡು ಡ್ಯೂಟಿಗಳ ನಡುವೆ 9 ಗಂಟೆ ಬಿಡುವು ಇರಬೇಕು ಅನ್ನುತ್ತಿತ್ತು ಆಗಿನ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ. ಅದೂ ಸರಿಯೇ ಇತ್ತು. ಬೆಳಿಗ್ಗೆ 6.30ಕ್ಕೆ ಮಂಗಳೂರು, ರಾತ್ರಿ 9.30ಕ್ಕೆ ವಾಪಸ್. ಕಾಗದದ ಮೇಲೆ 15 ಗಂಟೆ ಬಿಡುವು. ಆದರೆ ಆ ಡ್ರೈವರ್ ಮಲಗುತ್ತಿದ್ದದ್ದು ಬಿಸಿಲಿಗೆ ನಿಲ್ಲಿಸಿದ ಗಾಡಿಯ ಡಿಕ್ಕಿಯಲ್ಲಿ. ಏಪ್ರಿಲ್‌ನ ಮಂಗಳೂರು ಸೆಕೆ ಗೊತ್ತಲ್ವಾ? 3 ಗಂಟೆ ನಿದ್ದೆ ಬಂದರೆ ಪುಣ್ಯ.

ಆಮೇಲೆ ಕ್ಯಾಮೆರಾ ಹುಚ್ಚು. ಕಣ್ಣು ಮುಚ್ಚಿದರೆ, ಆಕಳಿಸಿದರೆ ಕೂಗುವಂಥದ್ದು. ಒಂದಕ್ಕೆ 18 ಸಾವಿರ ಚಿಲ್ಲರೆ, ನಾಲ್ಕು ಗಾಡಿಗೆ ಹಾಕಿಸಿದೆವು. ಎಲೆ ಅಡಿಕೆ ಅಗಿಯುವುದೂ ಅದಕ್ಕೆ ಆಕಳಿಕೆಯೇ. ನೆಲಮಂಗಲ ದಾಟುವುದರೊಳಗೆ ಹತ್ತು ಸಲ ಬಡಿದುಕೊಳ್ಳುತ್ತಿತ್ತು. ಮುಂದಿನ ಬರ್ತ್‌ನವರು ಎದ್ದು ಬೈದರು. ಮೂರನೇ ವಾರ ನೋಡಿದರೆ ಕ್ಯಾಮೆರಾ ಮೇಲೆ ಟವೆಲ್ ನೇತಾಡುತ್ತಿದೆ. ಅಸಲಿಗೆ ನನಗೆ ಕ್ಯಾಮೆರಾದ ಮೇಲಿರುವ ತಕರಾರೇ ಬೇರೆ. ಕಣ್ಣು ಮುಚ್ಚಿದ ಮೇಲೆ ಕೂಗಿದರೆ ಘಾಟಿಯಲ್ಲಿ ಏನು ಉಪಯೋಗ? ಯಾರಿಗೆ ನಿದ್ದೆ ಬರುತ್ತದೆ ಅನ್ನುವುದು ಗಾಡಿ ಹೊರಡುವ ಮೊದಲೇ ಗೊತ್ತಾಗಬೇಕು.

ಕೊನೆಗೆ ಸಾದಾ ಗೂಗಲ್ ಶೀಟ್‌ನಲ್ಲೇ ಕೂತೆ. ಡ್ಯೂಟಿ ಗಂಟೆಯ ಕಾಲಂ ಇಟ್ಟೆ, ಆದರೆ ತೀರ್ಮಾನ ಅದರ ಮೇಲೆ ಅಲ್ಲ. ಆಸ್ಟ್ರೇಲಿಯಾದ ನಿದ್ದೆ ಸಂಶೋಧಕರು ಡಾಸನ್ ಮತ್ತು ಮೆಕಲಕ್ 2005ರಲ್ಲಿ ಕೊಟ್ಟ ಲೆಕ್ಕ ಇದೆಯಲ್ಲ, ಅದನ್ನೇ ಹಿಡಿದೆ. ಹಿಂದಿನ 24 ಗಂಟೆಯಲ್ಲಿ ಕನಿಷ್ಠ 5 ಗಂಟೆ ನಿದ್ದೆ, 48 ಗಂಟೆಯಲ್ಲಿ 12. ಎದ್ದಾಗಿನಿಂದ ಡ್ಯೂಟಿ ಮುಗಿಯುವವರೆಗಿನ ಹೊತ್ತು, ಆ 48 ಗಂಟೆಯ ನಿದ್ದೆಗಿಂತ ಜಾಸ್ತಿ ಆಗಬಾರದು. ಮೂರರಲ್ಲಿ ಒಂದು ತಪ್ಪಿದರೆ ಹಳದಿ, ಎರಡು ತಪ್ಪಿದರೆ ಕೆಂಪು. ಕೆಂಪು ಬಂದವನಿಗೆ ಘಾಟಿ ಇಲ್ಲ.

ಇದಕ್ಕೆ ನಿದ್ದೆಯ ಲೆಕ್ಕ ಸರಿಯಾಗಿ ಸಿಗಬೇಕು. ಆ್ಯಪ್‌ನಲ್ಲಿ ತುಂಬಿಸಿ ಅಂದರೆ ಎಲ್ಲರದ್ದೂ 8 ಗಂಟೆ ನಿದ್ದೆ! ಅದಕ್ಕೇ ನಿದ್ದೆಯ ಮಾತೇ ಎತ್ತುವುದಿಲ್ಲ. ಸಂಜೆ ಬುಕಿಂಗ್ ಹುಡುಗ ಫೋನ್ ಮಾಡಿ, 'ಅಣ್ಣ, ಊಟ ಎಷ್ಟು ಗಂಟೆಗಾಯ್ತು? ಟೀ ಎಲ್ಲಿ ಕುಡಿದ್ರಿ?' ಅಂತ ಕೇಳುತ್ತಾನೆ. ನಡುವೆ ಉಳಿದದ್ದು ನಿದ್ದೆ. ಸುಮ್ನೆ ಸುಳ್ಳು ಹೇಳುವವರನ್ನು ಹಿಡಿಯಲು ಇನ್ನೊಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯಲ್ಲ. ನಮ್ಮ ಡ್ರೈವರ್‌ಗಳೂ ಓದುತ್ತಾರೆ.

ನಿಜವಾದ ಲಾಭ ಬಂದದ್ದು ಡ್ರೈವರ್ ಬದಲಾಗುವ ಜಾಗದಿಂದ. ಮೊದಲೆಲ್ಲ ಸಕಲೇಶಪುರದಲ್ಲಿ ಬದಲಿ. ಹಿಂದೆ ಮಲಗಿದ್ದವನನ್ನು 3.15ಕ್ಕೆ ಎಬ್ಬಿಸಿ, ಮುಖ ತೊಳೆಸಿ, ನೇರ ಶಿರಾಡಿಗೆ ಇಳಿಸುವುದು. 2ರಿಂದ 6ರವರೆಗೆ ಮೊದಲೇ ದೇಹ ಜಗ್ಗುತ್ತಿರುತ್ತದೆ. ಅದರ ಮೇಲೆ ಎದ್ದ ತಕ್ಷಣದ ಮಂಪರು ಬೇರೆ. ಈಗ ಬದಲಿ ಚನ್ನರಾಯಪಟ್ಟಣದಲ್ಲಿ, 1.45ರ ಸುಮಾರಿಗೆ. ಘಾಟಿ ಬರುವಷ್ಟರಲ್ಲಿ ಅವನ ಕೈಗೆ ಗಾಡಿ ಬಂದು ಒಂದೂವರೆ ಗಂಟೆ ಆಗಿರುತ್ತದೆ. ವಾಪಸ್ ಬರುವಾಗ ಇದು ಉಲ್ಟಾ. ಘಾಟಿ ರಾತ್ರಿ 1ಕ್ಕೆ ಮೊದಲೇ ಮುಗಿಯುತ್ತದೆ, ಕುಣಿಗಲ್‌ನಿಂದ ನೆಲಮಂಗಲದವರೆಗೆ ಕಣ್ಣು ಎಳೆಯುತ್ತದೆ. ಆ ಕಡೆಯ ಬದಲಿ ಜಾಗ ನಮ್ಮಲ್ಲೇ ಇರಲಿ.

ಮಧ್ಯೆ ಒಂದಿಷ್ಟು ಆಟವೂ ಆಡಿದೆ. ಮೊಬೈಲ್ ಪರದೆಯಲ್ಲಿ ಚುಕ್ಕೆ ಕಂಡ ಕೂಡಲೇ ಒತ್ತುವ ಮೂರು ನಿಮಿಷದ ಪರೀಕ್ಷೆ. ಅರ್ಧ ಸೆಕೆಂಡ್ ದಾಟಿದರೆ ಒಂದು ತಪ್ಪು. ಒಳ್ಳೆಯ ಐಡಿಯಾ, ಆದರೆ ಒಬ್ಬೊಬ್ಬರ ಫೋನ್ ಒಂದೊಂದು ಸ್ಪೀಡ್. ಹುಡುಗರು ಅದರ ಮೇಲೆ ಬಾಜಿ ಕಟ್ಟಲು ಶುರು ಮಾಡಿದರು, ಬಿಟ್ಟೆ. ಕಾಫಿ ಕುಡಿದು ತಕ್ಷಣ 20 ನಿಮಿಷ ಮಲಗುವುದು ಮಾತ್ರ ಉಳಿದುಕೊಂಡಿದೆ. ಏಳುವ ಹೊತ್ತಿಗೆ ಕಾಫಿ ಹತ್ತಿರುತ್ತದೆ.

ಜಿಪಿಎಸ್‌ನಲ್ಲಿ ಸ್ಪೀಡ್ ಗ್ರಾಫ್ ನೋಡುತ್ತಿರಿ. ಖಾಲಿ ರಸ್ತೆಯಲ್ಲಿ ಅದು ಗರಗಸದ ಹಲ್ಲಿನಂತೆ ಏರಿಳಿದರೆ ಡ್ರೈವರ್ ತೂಕಡಿಸುತ್ತಿರಬಹುದು, ಫೋನ್ ಮಾಡಿ, ಟೀ ಕುಡಿಯಲು ಹೇಳಿ.

ದೊಡ್ಡ ಜಗಳ ಆಗಿದ್ದು ದುಡ್ಡಿಗೆ. ಕೆಂಪು ಬಂದವನನ್ನು ಕೂರಿಸಿದರೂ ಬಾಟಾ, ಅಂದರೆ ಟ್ರಿಪ್ಪಿನ ಭತ್ಯೆ, ಪೂರ್ತಿ ಕೊಡಬೇಕು ಅಂದೆ. ಧಣಿಗಳು ಒಪ್ಪಲಿಲ್ಲ. 'ನಿದ್ದೆ ಬರುತ್ತೆ ಅಂದವನಿಗೂ ಬಾಟಾ ಕೊಟ್ರೆ ನಾಳೆಯಿಂದ ಎಲ್ರಿಗೂ ನಿದ್ದೆ ಬರುತ್ತೆ ಕಣಯ್ಯಾ.' 17 ಗಂಟೆ ಎಚ್ಚರ ಇದ್ದವನ ಸ್ಥಿತಿ ರಕ್ತದಲ್ಲಿ 0.05% ಆಲ್ಕೋಹಾಲ್ ಇದ್ದವನಷ್ಟೇ ಅಂತ 1997ರಲ್ಲೇ ತೋರಿಸಿದ್ದಾರೆ, ನಮ್ಮ ಕಾನೂನಿನ ಮಿತಿ 0.03% ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಮೂರು ತಿಂಗಳು ನೋಡೋಣ' ಅಂದರು. ಮೊದಲ ತಿಂಗಳು ಏಳೆಂಟು ಜನ ಕೂತರು. ಆಮೇಲೆ ತಿಂಗಳಿಗೆ ಇಬ್ಬರು ಮೂವರು, ಅದೂ ನಿಜವಾಗಿ ಮದುವೆ, ಕೋಲ, ಮಗುವಿಗೆ ಜ್ವರ ಅಂತ ನಿದ್ದೆಗೆಟ್ಟವರು.

ಕಂಕನಾಡಿ ಹತ್ತಿರ ಒಂದು ಮನೆ ಹಿಡಿದು, ಕಪ್ಪು ಪರದೆ, ಫ್ಯಾನ್ ಹಾಕಿಸಿದೆವು. ಬಾಡಿಗೆ 14 ಸಾವಿರ. ಇಬ್ಬರು ಸ್ಪೇರ್ ಡ್ರೈವರ್‌ಗಳ ಸಂಬಳ ಸೇರಿ ತಿಂಗಳಿಗೆ 65–70 ಸಾವಿರ ಹೆಚ್ಚಿನ ಖರ್ಚು. ಇನ್ನೊಂದು ಕಡೆ ಟಿಂಕರಿಂಗ್, ಮಿರರ್, ಗ್ಲಾಸ್, ಬಂಪರ್ ಬಿಲ್ಲು ತಿಂಗಳಿಗೆ 90 ಸಾವಿರದಷ್ಟಿದ್ದದ್ದು 30ರ ಆಸುಪಾಸಿಗೆ ಬಂದಿದೆ. ಬರೀ ಇದರಲ್ಲಿ ಲೆಕ್ಕ ಸರಿಹೋಗಲ್ಲ. ಇನ್ಶೂರೆನ್ಸ್ ಬೋನಸ್, ಬಿಟ್ಟು ಹೋಗದೆ ಉಳಿದ ಡ್ರೈವರ್‌ಗಳು, ಇವನ್ನು ಸೇರಿಸಿದರೆ ಕೈಗೆ ಸ್ವಲ್ಪ ಮಿಗುತ್ತದೆ.

ಈಗ ಹುಬ್ಬಳ್ಳಿ ಲೈನಿಗೆ ಇದೇ ಶೀಟ್ ಹಾಕಲು ಹೋದರೆ ಒಗ್ಗುತ್ತಿಲ್ಲ. ಘಾಟಿ ಇಲ್ಲ, ನೇರ ರಸ್ತೆ. ದಾವಣಗೆರೆ ದಾಟಿದ ಮೇಲೆ ಹಳದಿ ಬಂದವನೂ ತೂಕಡಿಸುತ್ತಾನೆ. ಆ ಲೈನಿಗೆ 24 ಗಂಟೆಯ ನಿದ್ದೆಯ ಮಿತಿ 5ರ ಬದಲು 6 ಗಂಟೆ ಹಾಕಿ ನೋಡುತ್ತಿದ್ದೇನೆ. ಸ್ಪೇರ್ ಡ್ರೈವರ್ ಮೂರನೆಯವನು ಬೇಕಾಗುತ್ತಾನೆ, ಅದನ್ನು ಧಣಿಗಳಿಗೆ ಇನ್ನೂ ಹೇಳಿಲ್ಲ.