ಹದಿಮೂರು ವಾರದ ಲೆಕ್ಕ: ಅಂತರಾ ನಮ್ಮ ಕೇರಿಯಲ್ಲಿ ನಿಂತದ್ದು ಹೇಗೆ

ಬಸಿರು ತಡೆಯಲು ಹದಿಮೂರು ವಾರಕ್ಕೊಮ್ಮೆ ಕೊಡುವ ಅಂತರಾ ಚುಚ್ಚುಮದ್ದು ಮೀನುಗಾರರ ಕೇರಿಯಲ್ಲಿ ನಿಲ್ಲುವುದಿಲ್ಲ, ಎರಡನೇ ಡೋಸ್‌ಗೆ ಯಾರೂ ಮರಳಿ ಬರುವುದಿಲ್ಲ ಎಂದು ತಿಂಗಳ ಸಭೆಯಲ್ಲಿ ಹೇಳುತ್ತಿದ್ದವರು ಈಗ ನನ್ನ ರಿಜಿಸ್ಟರಿನ ಫೋಟೊ ಕೇಳುತ್ತಿದ್ದಾರೆ. ಕಾರವಾರ ಮತ್ತು ಅಂಕೋಲಾದ ನಡುವೆ ಸಮುದ್ರಕ್ಕೆ ತಾಗಿದ ಒಂದು ಆರೋಗ್ಯ ಉಪಕೇಂದ್ರ ನನ್ನದು. ಪಟ್ಟಿಯಲ್ಲಿ ಈಗ ನಲವತ್ತರ ಆಸುಪಾಸು ಮಹಿಳೆಯರಿದ್ದಾರೆ, ಅವರಲ್ಲಿ ವರ್ಷ ದಾಟಿದವರೇ ಮುಕ್ಕಾಲು ಪಾಲು. ಫೋಟೊ ಕೊಡುವುದಿಲ್ಲ, ಅದರಲ್ಲಿ ಹೆಸರುಗಳಿವೆ. ವಿಧಾನವನ್ನು ಬರೆಯುತ್ತೇನೆ.

ಮೊದಲು ದಿನಕ್ಕೊಂದು ನುಂಗುವ ಗರ್ಭನಿರೋಧಕ ಮಾತ್ರೆ ಮಾಲಾ-ಎನ್ ವಿಷಯ. ಒಂದು ದಿನವೂ ತಪ್ಪದೆ ನುಂಗಿದರೆ ನೂರು ಮಂದಿಯಲ್ಲಿ ವರ್ಷಕ್ಕೆ ಒಬ್ಬಳೂ ಬಸಿರಾಗುವುದಿಲ್ಲ, ಜನ ನಿಜವಾಗಿ ನುಂಗುವ ರೀತಿಯಲ್ಲಿ ನುಂಗಿದರೆ ಏಳು ಮಂದಿ ಆಗುತ್ತಾರೆ ಎಂಬುದನ್ನು ತರಬೇತಿಯಲ್ಲಿ ನಾವೆಲ್ಲ ಕೇಳಿದ್ದೇವೆ. ನಮ್ಮ ಕೇರಿಯಲ್ಲಿ ಏಳಕ್ಕೇ ನಿಲ್ಲುತ್ತಿರಲಿಲ್ಲ ಎಂಬುದು ನನ್ನ ಅಂದಾಜು. ಟ್ರಾಲ್ ಬೋಟಿಗೆ ಹೋದ ಗಂಡ ಎಂಟು-ಹತ್ತು ದಿನ ಕಡಲಿನಲ್ಲಿರುತ್ತಾನೆ. ಅವನಿಲ್ಲದ ಮನೆಯಲ್ಲಿ ಮಾತ್ರೆ ಏಕೆ ಎಂದು ಹೆಂಡತಿ ನಿಲ್ಲಿಸುತ್ತಾಳೆ, ಬೋಟ್ ದಡಕ್ಕೆ ಬಂದ ಸಂಜೆ ಮತ್ತೆ ಶುರು ಮಾಡುತ್ತಾಳೆ. ಹಾಗೆ ನುಂಗಿದ ಮಾತ್ರೆ ಯಾವುದನ್ನೂ ತಡೆಯುವುದಿಲ್ಲ. ಗೋವಾದಲ್ಲಿ ದುಡಿದು ವಾರಕ್ಕೊಮ್ಮೆ ಬರುವವರ ಮನೆಗಳಲ್ಲೂ ಇದೇ ಕಥೆ. ಕೆಲವರು ಬೋಟ್ ಬಂದಾಗಲೆಲ್ಲ ಔಷಧಿ ಅಂಗಡಿಯಿಂದ ಎಪ್ಪತ್ತೆರಡು ಗಂಟೆಯ ಗುಳಿಗೆ ತರಿಸುತ್ತಿದ್ದರು. ಒಂದಕ್ಕೆ ನೂರು ರೂಪಾಯಿಯ ಆಸುಪಾಸು. ತಿಂಗಳಿಗೆ ಮೂರು ಬಾರಿ ತಂದವಳಿಗೆ ನಾನೇ ಲೆಕ್ಕ ಹಾಕಿ ತೋರಿಸಿದ್ದೇನೆ: ವರ್ಷಕ್ಕೆ ಮೂರು ಸಾವಿರದ ಮೇಲೆ, ಜೊತೆಗೆ ಮುಟ್ಟು ಯಾವಾಗ ಬರುತ್ತದೆ ಎಂಬುದೇ ತಿಳಿಯದ ಸ್ಥಿತಿ. ಅದು ತುರ್ತಿಗೆ ಮಾತ್ರ, ತಡವಾದಷ್ಟೂ ಕೆಲಸ ಕಡಿಮೆ.

ನಿರೋಧ್ ಪೆಟ್ಟಿಗೆಯನ್ನು ಬಂದರಿನ ಬಳಿಯ ಚಹಾ ಅಂಗಡಿಯಲ್ಲಿ ಇಟ್ಟು ನೋಡಿದೆ. ಪೆಟ್ಟಿಗೆ ಬೇಗ ಖಾಲಿಯಾಯಿತು, ಸಭೆಯಲ್ಲಿ ಹೊಗಳಿಕೆಯೂ ಬಂತು. ಆದರೂ ಬಸಿರುಗಳು ನಿಲ್ಲಲಿಲ್ಲ. ಅಂಗಡಿಯ ತಗಡಿನ ಮಾಡಿನ ಕೆಳಗೆ ಏಪ್ರಿಲ್ ಬಿಸಿಲು ರಬ್ಬರನ್ನು ಹಾಳು ಮಾಡುತ್ತದೆ ಎಂಬುದು ಒಂದು. ಇನ್ನೊಂದನ್ನು ಒಬ್ಬ ಹುಡುಗಿ ನಾಚುತ್ತಾ ಹೇಳಿದಳು: ತೆಂಗಿನೆಣ್ಣೆ. ನಮ್ಮ ಕಡೆ ಯಾವುದಕ್ಕೆ ತಾನೆ ತೆಂಗಿನೆಣ್ಣೆ ಇಲ್ಲ! ಎಣ್ಣೆ ತಾಗಿದ ಲೇಟೆಕ್ಸ್ ಕೆಲವೇ ನಿಮಿಷಗಳಲ್ಲಿ ಬಲ ಕಳೆದುಕೊಳ್ಳುತ್ತದೆ. ಸರಿಯಾಗಿ ಬಳಸಿದರೆ ವರ್ಷಕ್ಕೆ ನೂರಕ್ಕೆ ಎರಡು ಬಸಿರು, ಸಾಮಾನ್ಯ ಬಳಕೆಯಲ್ಲಿ ಹದಿಮೂರು ಎನ್ನುವ ಅಂತರದಲ್ಲಿ ಇಂಥವೆಲ್ಲ ಸೇರಿರುತ್ತವೆ. ಸೋಂಕು ತಡೆಯುವುದು ಅದೊಂದೇ ಎಂಬ ಕಾರಣಕ್ಕೆ ಪೆಟ್ಟಿಗೆಯನ್ನು ತೆಗೆದಿಲ್ಲ. ನೆರಳಿಗೆ ಸರಿಸಿದ್ದೇನೆ, ಎಣ್ಣೆಯ ಮಾತನ್ನು ಅಂಗಡಿಯವನ ಬಾಯಿಂದಲೇ ಹೇಳಿಸುತ್ತೇನೆ.

ಗರ್ಭಕೋಶದೊಳಗೆ ಇಡುವ ವಂಕಿಯನ್ನು ನಾನು ಬಿಟ್ಟವಳಲ್ಲ. ಕಾಪರ್-ಟಿ 380ಎ ಒಮ್ಮೆ ಹಾಕಿದರೆ ಹತ್ತು ವರ್ಷ, ವಿಫಲವಾಗುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. ಮರೆಯಲು ಅಲ್ಲಿ ಏನೂ ಇಲ್ಲ, ಅದಕ್ಕೇ ಅದು ಗೆಲ್ಲುತ್ತದೆ. ಹೆರಿಗೆಯಾದ ನಲವತ್ತೆಂಟು ಗಂಟೆಯೊಳಗೆ ಹಾಕಿಸಿಕೊಂಡವರು ನನ್ನಲ್ಲಿ ಸಾಕಷ್ಟಿದ್ದಾರೆ. ಆದರೆ ವಂಕಿ ಎದೆಗೆ ಏರುತ್ತದೆ ಎಂಬ ಮಾತು ಒಂದು ಮನೆಗೆ ಹೊಕ್ಕರೆ ಮುಂದಿನ ಹತ್ತು ಮನೆ ಮುಚ್ಚಿದಂತೆಯೇ. ಹಾಗೆ ಮುಚ್ಚಿದ ಮನೆಗಳಿಗೆ ನಾನು ಅಂತರಾ ಒಯ್ದೆ.

ಮೊದಲ ವರ್ಷ ಸೋಲು. ತಪಾಸಣೆ, ಬಿಪಿ, ವೈದ್ಯರ ಒಪ್ಪಿಗೆ ಎಲ್ಲ ಸರಿಯಾಗಿತ್ತು. ಮೊದಲ ಡೋಸ್‌ಗೆ ಇಪ್ಪತ್ತು ಮಂದಿ ಬಂದರೆ ಎರಡನೆಯದಕ್ಕೆ ಐದಾರು ಮಂದಿ. ಒಬ್ಬೊಬ್ಬರ ದಿನಾಂಕ ಒಂದೊಂದು. ಮಂಗಳವಾರ ಒಬ್ಬಳು, ಶುಕ್ರವಾರ ಇನ್ನೊಬ್ಬಳು, ನಡುವೆ ನನಗೆ ಲಸಿಕೆಯ ಕೆಲಸ. ಮೀನು ಬುಟ್ಟಿ ಹೊರುವವಳು ಒಂದು ಚುಚ್ಚುಮದ್ದಿಗಾಗಿ ನಾಲ್ಕುನೂರು-ಐನೂರು ರೂಪಾಯಿಯ ವ್ಯಾಪಾರ ಬಿಡಬೇಕು. ಫೋನ್ ಮಾಡಿ ನೆನಪಿಸೋಣವೆಂದರೆ ಕಾರ್ಡಿನಲ್ಲಿ ಬರೆಸಿದ ನಂಬರ್ ಗಂಡನದ್ದು. ಅರ್ಧದಷ್ಟು ಮಂದಿ ಗಂಡನಿಗೆ ಹೇಳಿರಲೇ ಇಲ್ಲ. ಕರೆಗಳನ್ನು ಅಲ್ಲಿಗೇ ನಿಲ್ಲಿಸಿದೆ.

ಆಮೇಲೆ ಕ್ಯಾಲೆಂಡರ್ ಹಿಡಿದು ಕುಳಿತೆ. ಹದಿಮೂರು ವಾರ ನಾಲ್ಕು ಬಾರಿ ಎಂದರೆ ಐವತ್ತೆರಡು, ಸರಿಯಾಗಿ ಒಂದು ವರ್ಷ. ಹಾಗಿದ್ದರೆ ಇಡೀ ಕೇರಿಗೆ ವರ್ಷದಲ್ಲಿ ನಾಲ್ಕೇ ವಾರ ಸಾಕಲ್ಲ! ನಿಗದಿತ ದಿನಕ್ಕಿಂತ ಎರಡು ವಾರ ಮೊದಲೇ ಕೊಡಬಹುದು ಎಂಬುದು ನಮ್ಮ ಮಾರ್ಗಸೂಚಿಯಲ್ಲೇ ಇದೆ. ಅದನ್ನೇ ಬಳಸಿ ಪ್ರತಿಯೊಬ್ಬಳನ್ನೂ ಸ್ವಲ್ಪ ಸ್ವಲ್ಪ ಮುಂಚೆ ಕರೆದು ಒಂದೇ ವಾರಕ್ಕೆ ತಂದೆ. ದೂರದ ದಿನಾಂಕದವರಿಗೆ ಎರಡು-ಮೂರು ಸುತ್ತು ಬೇಕಾಯಿತು. ತಡವಾದರೆ ನಾಲ್ಕು ವಾರಗಳ ರಿಯಾಯಿತಿಯೂ ಇದೆ, ಆದರೆ ಅದನ್ನು ಯೋಜನೆಯೊಳಗೆ ಸೇರಿಸಬೇಡಿ. ತವರಿಗೆ ಹೋದವಳಿಗೆ, ಜ್ವರ ಬಂದವಳಿಗೆ ಅದು ಉಳಿದಿರಲಿ.

ಜೂನ್ ಮೊದಲ ವಾರ ನನ್ನ ದೊಡ್ಡ ವಾರ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಟ್ರಾಲ್ ಬೋಟ್‌ಗಳು ಕಡಲಿಗೆ ಇಳಿಯುವಂತಿಲ್ಲ, ಗಂಡಸರೆಲ್ಲ ಮನೆಯಲ್ಲೇ. ಯಾರಿಗೂ ಏಕೆ ಎಂದು ವಿವರಿಸಬೇಕಾಗಿಲ್ಲ. ಸೆಪ್ಟೆಂಬರಿನದನ್ನು ಚೌತಿಯ ಸುತ್ತಮುತ್ತ, ಮಾರ್ಚಿನದನ್ನು ಸುಗ್ಗಿಯ ಹೊತ್ತಿಗೆ ಎಂದು ಹೇಳಿದರೆ ನೆನಪಿರುತ್ತದೆ. ಡಿಸೆಂಬರಿಗೆ ಗುರುತಿಗೊಂದು ಹಬ್ಬ ಸಿಗಲಿಲ್ಲ, ಆ ಸುತ್ತಿನಲ್ಲಿ ಮಾತ್ರ ಈಗಲೂ ಆಶಾ ಕಾರ್ಯಕರ್ತೆ ಮನೆಮನೆಗೆ ತಿರುಗಬೇಕು. ಎಲ್ಲವನ್ನೂ ಲಸಿಕೆ ದಿನಕ್ಕೇ ಜೋಡಿಸಿದ್ದೇನೆ. ಮಗುವಿಗೆ ಲಸಿಕೆ ಎಂದು ಬಂದವಳನ್ನು ಯಾವ ಅತ್ತೆಯೂ ಪ್ರಶ್ನಿಸುವುದಿಲ್ಲ. ಮಕ್ಕಳು ದೊಡ್ಡವರಾದ ತಾಯಂದಿರು ಯಾವ ನೆಪದಲ್ಲಿ ಬರುತ್ತಾರೆ, ಕಾರ್ಡ್ ಎಲ್ಲಿ ಇಡುತ್ತಾರೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದು ಉಪಯೋಗಕ್ಕೆ ಬಾರದು.

ರಕ್ತಸ್ರಾವದ ಮಾತನ್ನು ಚುಚ್ಚುವ ಮೊದಲೇ ಹೇಳಬೇಕು, ಆಮೇಲೆ ಹೇಳಿದರೆ ಸಮಜಾಯಿಷಿಯಂತೆ ಕೇಳಿಸುತ್ತದೆ. ಮೊದಲ ತಿಂಗಳುಗಳಲ್ಲಿ ಹನಿ ಹನಿ ಕಾಣಿಸುತ್ತದೆ, ವರ್ಷವಾಗುವಷ್ಟರಲ್ಲಿ ಸುಮಾರು ಅರ್ಧ ಮಂದಿಗೆ ಮುಟ್ಟೇ ನಿಲ್ಲುತ್ತದೆ. ಕೆಟ್ಟ ರಕ್ತ ಒಳಗೇ ಉಳಿಯುತ್ತದೆ ಎಂದು ಹೆದರಿ ಬಿಟ್ಟವರೇ ಹೆಚ್ಚು. ಗರ್ಭಕೋಶದ ಒಳಪದರವೇ ದಪ್ಪವಾಗದಿದ್ದಾಗ ಉಳಿಯುವ ರಕ್ತ ಎಲ್ಲಿಂದ ಬರಬೇಕು ಎಂದು ನಾನು ಕೇಳುತ್ತೇನೆ. ಈಗ ನನಗಿಂತ ಚೆನ್ನಾಗಿ ಅದನ್ನು ಹೇಳುವವಳು ಮೀನು ಮಾರುವ ಒಬ್ಬ ಅಕ್ಕ, ಕೊಂಕಣಿಯಲ್ಲಿ. ಚುಚ್ಚಿದ ಜಾಗವನ್ನು ತಿಕ್ಕಬಾರದು, ಬಿಸಿ ಶಾಖ ಕೊಡಬಾರದು ಎಂಬುದನ್ನು ಬಾಣಂತಿಯರ ಮನೆಯಲ್ಲಿ ಎರಡೆರಡು ಬಾರಿ ಹೇಳಿ. ಅಲ್ಲಿ ಬಿಸಿನೀರಿನ ಹಂಡೆ ಯಾವಾಗಲೂ ಸಿದ್ಧವಿರುತ್ತದೆ.

ಖರ್ಚು? ಮಳೆಗಾಲಕ್ಕೆ ಕಾರ್ಡುಗಳಿಗೆ ಪ್ಲಾಸ್ಟಿಕ್ ಹೊದಿಕೆ, ರಿಕ್ಷಾ, ಚಹಾ ಎಲ್ಲ ಸೇರಿ ಮೊದಲ ವರ್ಷ ಕೈಯಿಂದ ಐದಾರು ಸಾವಿರ ಹೋಯಿತು. ಈಗ ಅದರ ಅರ್ಧವೂ ಇಲ್ಲ. ನಲವತ್ತು ಬೇರೆ ಬೇರೆ ದಿನಾಂಕಗಳ ಹಿಂದೆ ಓಡುವುದು ತಪ್ಪಿತಲ್ಲ. ಅಂತರಾ ಸಾಮಾನ್ಯ ಬಳಕೆಯಲ್ಲಿ ನೂರಕ್ಕೆ ನಾಲ್ಕು ಬಸಿರು ಎನ್ನುತ್ತದೆ ಪುಸ್ತಕ. ಆ ನಾಲ್ಕು ಬಹುತೇಕ ತಡವಾಗಿ ಬಂದವರದ್ದು. ವಾರಗಳನ್ನು ಕೂಡಿಸಿದ ಮೇಲೆ ನನ್ನ ಪಟ್ಟಿಯಲ್ಲಿ ಒಂದೂ ಆಗಿಲ್ಲ. ನಲವತ್ತು ಮಂದಿ ಸಣ್ಣ ಸಂಖ್ಯೆ ಎಂದು ನನಗೂ ಗೊತ್ತು, ಆದರೂ ಹೇಳಿಕೊಳ್ಳುತ್ತೇನೆ.

ಇದೇ ನಿಷೇಧದ ತಿಂಗಳುಗಳಲ್ಲಿ ಗಂಡಸರ ಹಿಂದೆಯೂ ಬಿದ್ದೆ. ಗಂಡಸರ ಸಂತಾನಶಕ್ತಿ ಹರಣ ಚಿಕಿತ್ಸೆಯಾದ ಹೊಲಿಗೆಯಿಲ್ಲದ ವ್ಯಾಸೆಕ್ಟಮಿಗೆ ವಿಶ್ರಾಂತಿ ಬೇಕೆಂದರೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಬಲೆ ಎಳೆಯುವ ಶಕ್ತಿ ಹೋಗುತ್ತದೆ ಎಂದು ಹೆಚ್ಚಿನವರು ಹಿಂದೆ ಸರಿದರು. ಒಪ್ಪಿದ ಬೆರಳೆಣಿಕೆಯ ಮಂದಿ ಆಗಸ್ಟ್‌ನಲ್ಲಿ ಬಲೆ ಎಳೆದು ತೋರಿಸಿದ್ದಾರೆ. ಅವರಿಗೆ ಮೂರು ತಿಂಗಳು ಮತ್ತು ವೀರ್ಯ ಪರೀಕ್ಷೆ ಮುಗಿಯುವವರೆಗೆ ಹೆಂಡತಿಯ ಅಂತರಾ ನಿಲ್ಲಿಸಬೇಡಿ.

ಇನ್ನೊಂದು ಮಗು ಬೇಕು ಎನ್ನುವವರಿಗೆ ದಿನಾಂಕ ಹಿಂದಕ್ಕೆ ಎಣಿಸಿ ಹೇಳಿ. ಅಂತರಾದ ಕೊನೆಯ ಡೋಸ್ ಆದ ಮೇಲೆ ಬಸಿರಾಗಲು ಸಾಮಾನ್ಯವಾಗಿ ಏಳರಿಂದ ಹತ್ತು ತಿಂಗಳು ಹಿಡಿಯುತ್ತದೆ. ಅಷ್ಟು ಕಾಯಲಾರೆ ಎನ್ನುವವಳಿಗೆ ನಾನು ಅಂತರಾ ಬದಲು ಛಾಯಾ ಎಂಬ ಗರ್ಭನಿರೋಧಕ ಮಾತ್ರೆ ಕೊಡುತ್ತೇನೆ: ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಕಾರವಾರದ ಭಾನುವಾರದ ಸಂತೆಗೆ ಹೊರಡುವ ಮುನ್ನ ಒಂದು ಎಂದು ಹೇಳಿ ನೋಡುತ್ತಿದ್ದೇನೆ. ಏಳೆಂಟು ಮಂದಿಯಲ್ಲಿ ಇಬ್ಬರು ಈಗಾಗಲೇ ವಾರದ ಎರಡನೆಯ ಮಾತ್ರೆಯನ್ನು, ಬುಧವಾರದ್ದನ್ನು, ಮರೆತಿದ್ದಾರೆ.