ಎಕ್ಸೈಟ್‌ಬೈಕ್ ಅದೇ ವೇಗದಲ್ಲಿ ಓಡಬೇಕೆಂದರೆ

ಮೊಬೈಲಿನಲ್ಲಿ ಎಮ್ಯುಲೇಟರ್ (ಹಳೆಯ ಗೇಮ್ ಸೆಟ್ಟಿನಂತೆ ನಡೆಯುವ ಸಾಫ್ಟ್‌ವೇರ್) ಹಾಕಿಕೊಂಡು, ಆಗ ಟಿವಿಯಲ್ಲಿ ಆಡುತ್ತಿದ್ದ ಬೈಕ್ ರೇಸಿನ ಆಟ ಎಕ್ಸೈಟ್‌ಬೈಕ್ ಆಡಿ ನೋಡಿ. ಆಟ ಅದೇ, ಸದ್ದೂ ಅದೇ, ಆದರೆ ಕೈಗೆ ಹತ್ತುವುದಿಲ್ಲ. ದಿಬ್ಬ ಹಾರಿ ಇಳಿಯುವಾಗ ಬೈಕ್ ಮಗುಚಿ ಬೀಳುತ್ತದೆ. ಕಾರಣ ವೇಗದಲ್ಲಿದೆ. ನಿಂಟೆಂಡೊ 1984ರಲ್ಲಿ ಈ ಆಟ ಮಾಡಿದ್ದು ಜಪಾನಿನ ಟಿವಿಗೆ; ಅಲ್ಲಿ ತೆರೆ ಸೆಕೆಂಡಿಗೆ 60 ಸಲ ಬದಲಾಗುತ್ತದೆ. ನಮ್ಮ ದೇಶದ ಟಿವಿ ಪದ್ಧತಿಯಾದ ಪಾಲ್‌ನಲ್ಲಿ 50 ಸಲ. ಈ ಆಟಗಳು ತೆರೆ ಬದಲಾದ ಲೆಕ್ಕದ ಮೇಲೆಯೇ ಓಡುತ್ತವೆ. ಹಾಗಾಗಿ ಜಪಾನಿನಲ್ಲಿ 60 ಸೆಕೆಂಡಿಗೆ ಮುಗಿಯುವ ಓಟ ನಮ್ಮ ಪಾಲ್ ಸೆಟ್ಟಿನಲ್ಲಿ, ಅಂದರೆ ನಿಂಟೆಂಡೊ ಯಂತ್ರದ ನಕಲಾದ ಟಿವಿ ಗೇಮ್ ಪೆಟ್ಟಿಗೆಯಲ್ಲಿ, 72 ಸೆಕೆಂಡು ಹಿಡಿಯುತ್ತದೆ. ತೆರೆಯ ಮೇಲಿನ ಗಡಿಯಾರವೂ ಅಷ್ಟೇ ನಿಧಾನ, ಆದ್ದರಿಂದ ಆಡುವವರಿಗೆ ಗೊತ್ತಾಗುತ್ತಿರಲಿಲ್ಲ. ನಮ್ಮ ಬೆರಳು ಕಲಿತದ್ದು ಈ ನಿಧಾನದ ಆಟವನ್ನು. ಅದು ಮತ್ತೆ ಬೇಕಾದರೆ ಹಳೆಯ ಸೆಟ್ಟನ್ನೇ ಎಬ್ಬಿಸುವುದು ಎಲ್ಲಕ್ಕಿಂತ ಚಲೋ ದಾರಿ. ನಾನು ಎರಡು ಸೆಟ್ ಎಬ್ಬಿಸಿದ್ದೇನೆ: ಒಂದು ಬೆಳಗಾವಿಯ ಶಹಾಪುರದ ಅಟ್ಟದ ಮೇಲಿದ್ದದ್ದು, ಇನ್ನೊಂದು ವಿಜಯಪುರದ್ದು.

ಮೊದಲು ಮುಚ್ಚಳ ಬಿಚ್ಚಿ ಬೋರ್ಡಿನ ಮೇಲೆ ಬೆಳ್ಳಿಬಣ್ಣದ ಕ್ರಿಸ್ಟಲ್ (ಸೆಟ್ಟಿನ ವೇಗಕ್ಕೆ ತಾಳ ಹಾಕುವ ಬಿಡಿಭಾಗ) ಹುಡುಕಿ. 26.601 ಎಂದು ಅಚ್ಚಾಗಿದ್ದರೆ ಅದು 50ರ ಪಾಲ್ ಸೆಟ್, 21.477 ಇದ್ದರೆ 60ರದ್ದು. ಶಹಾಪುರದ ಸೆಟ್ಟಿನಲ್ಲಿ ತೈವಾನಿನ ಯುಎಂಸಿ ಕಂಪನಿಯ ಯುಎ6527ಪಿ ಮತ್ತು ಯುಎ6538 ಎಂಬ ಎರಡು ದೊಡ್ಡ ಚಿಪ್ ಇದ್ದವು. ವಿಜಯಪುರದ್ದು ಆಮೇಲಿನ ಕಾಲದ ಅಗ್ಗದ ಮಾಲು. ಎಲ್ಲವೂ ಒಂದೇ ಕಪ್ಪು ಅಂಟಿನ ಬೊಟ್ಟಿನ ಕೆಳಗೆ. ಆ ಬೊಟ್ಟು ಕೆಟ್ಟಿದ್ದರೆ ರಿಪೇರಿ ಇಲ್ಲ. ಆದರೆ ಕೆಡುವುದು ಅಪರೂಪ. ತೊಂದರೆ ಇರುವುದು ಕರೆಂಟಿನಲ್ಲಿ, ಪಿನ್ನಿನಲ್ಲಿ, ರಬ್ಬರಿನಲ್ಲಿ.

ಸಿಕ್ಕ ಅಡಾಪ್ಟರನ್ನು ನೇರ ಚುಚ್ಚಬೇಡಿ. ಇಂಥ ಎಷ್ಟೋ ಸೆಟ್ಟುಗಳಲ್ಲಿ ಪಿನ್ನಿನ ಒಳಗೆ ಮೈನಸ್, ಹೊರಗೆ ಪ್ಲಸ್; ಇವತ್ತಿನ ಅಡಾಪ್ಟರುಗಳಲ್ಲಿ ಸಾಮಾನ್ಯವಾಗಿ ಇದು ಉಲ್ಟಾ. ಉಲ್ಟಾ ಕೊಟ್ಟರೆ ಮೊದಲು ಸುಡುವುದು ಒಳಬಂದ ಕರೆಂಟನ್ನು 5 ವೋಲ್ಟಿಗೆ ಇಳಿಸುವ 7805 ರೆಗ್ಯುಲೇಟರ್, ಅದರ ಹಿಂದೆ ಚಿಪ್ಪೂ ಹೋಗಬಹುದು. ಸೆಟ್ಟಿನ ಮೈಮೇಲೆ ಇರುವ ಗುರುತು ನೋಡಿ, ಇಲ್ಲವೇ ಜಾಕಿನ ಯಾವ ಕಾಲು 7805ರ ನಡುಗಾಲಿಗೆ, ಅಂದರೆ ಗ್ರೌಂಡಿಗೆ, ಕೂಡುತ್ತದೆ ಎಂದು ಮಲ್ಟಿಮೀಟರ್ ಹಿಡಿದು ನೋಡಿ. 9 ವೋಲ್ಟ್, 500 ಮಿಲಿಆಂಪಿಯರ್ ಸಾಕು. 12 ವೋಲ್ಟ್ ಕೊಟ್ಟರೂ ಆಟ ಓಡುತ್ತದೆ, ಆದರೆ ಮಿಕ್ಕ 7 ವೋಲ್ಟ್ ಶಾಖವಾಗುತ್ತದೆ; ಸೆಟ್ 300 ಮಿಲಿಆಂಪಿಯರ್ ಎಳೆದರೆ 2 ವ್ಯಾಟ್ ದಾಟಿತು. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಅರ್ಧ ತಾಸಿಗೆ ಆಟ ನಿಲ್ಲುವುದು ಇದರಿಂದಲೇ. 7805ರಿಂದ ಹೊರಬರುವುದು 4.9ರಿಂದ 5.1 ವೋಲ್ಟ್ ಇರಬೇಕು.

ತೆರೆಯ ಮೇಲೆ ದಪ್ಪ ಪಟ್ಟೆಯೊಂದು ಮೆಲ್ಲಗೆ ಏರುತ್ತಿದ್ದರೆ, ಗುಂಯ್ ಎನ್ನುತ್ತಿದ್ದರೆ, ಕರೆಂಟ್ ಒಳಬರುವ ಕಡೆಯ ದೊಡ್ಡ ಕೆಪಾಸಿಟರ್ ಒಣಗಿದೆ. 1000 ಮೈಕ್ರೊಫ್ಯಾರಡ್, 25 ವೋಲ್ಟಿನದು ಹಾಕಿದೆ. 16 ವೋಲ್ಟಿನದು ಬೇಡ. ಹಳೆಯ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ 9 ಎಂದು ಬರೆದಿದ್ದರೂ ಹೊರೆ ಇಲ್ಲದಾಗ 13 ತೋರಿಸುತ್ತದೆ.

ಇನ್ನು ಆಟದ ಕ್ಯಾಸೆಟ್. ಬಾಯಿಂದ ಊದುವ ಚಟ ಎಲ್ಲರಿಗೂ ಇತ್ತು. ಊದಿದರೆ ಹತ್ತುತ್ತಿದ್ದದ್ದು ತೆಗೆದು ಮತ್ತೆ ಸಿಕ್ಕಿಸಿದ್ದಕ್ಕೆ. ಉಸಿರಿನ ತೇವ ಮಾತ್ರ ತಾಮ್ರದ ಮೇಲೆ ಉಳಿದು ಕಿಲುಬು ಹಿಡಿಯುತ್ತದೆ. ಬೆಳಗಾವಿಯ ಮಳೆಗಾಲ ಕಂಡ ಕ್ಯಾಸೆಟ್ ಬಿಚ್ಚಿದರೆ ಹಸಿರು ಎದ್ದು ಕಾಣುತ್ತದೆ. ವಿಜಯಪುರದ್ದರಲ್ಲಿ ಕಿಲುಬಿಲ್ಲ, ಬರೀ ಕೆಂಧೂಳು. ಮೊಬೈಲ್ ರಿಪೇರಿಯವರ ಹತ್ತಿರ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲ್ ತಂದು, ಹತ್ತಿಯ ಕಡ್ಡಿಯಲ್ಲಿ ಅದ್ದಿ, ಪಿನ್ನಿನ ಉದ್ದಕ್ಕೆ ಒರೆಸಿ. ಕಡ್ಡಿ ಕಪ್ಪಾಗುವುದು ನಿಲ್ಲುವ ತನಕ ಒರೆಸಬೇಕು. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತವೆ. ಹಸಿರು ಬಿಡದಿದ್ದರೆ ಪೆನ್ಸಿಲ್ ರಬ್ಬರಿನಿಂದ ನಾಲ್ಕೈದು ಸಲ ಉಜ್ಜಿ. ಮರಳು ಕಾಗದ ಮುಟ್ಟಿಸಬೇಡಿ, ಲೇಪ ಎದ್ದುಹೋಗುತ್ತದೆ.

ಒರೆಸಿಯೂ ಸರಿಹೋಗದಿದ್ದರೆ ತೆರೆಯೇ ದಾರಿ ತೋರಿಸುತ್ತದೆ. ಈ ಕ್ಯಾಸೆಟ್ಟಿಗೆ 60 ಪಿನ್, ಬದಿಗೆ 30ರಂತೆ. 1 ಮತ್ತು 31 ಇರುವ ಅರ್ಧ ಆಟದ ಪ್ರೋಗ್ರಾಂ ಓದುತ್ತದೆ. 30 ಮತ್ತು 60 ಇರುವ ಅರ್ಧ ಚಿತ್ರ ಓದುತ್ತದೆ. ಸದ್ದು ಸರಿ ಇದ್ದು, ಗುಂಡಿ ಒತ್ತಿದಂತೆ ಆಟವೂ ನಡೆದು, ಆಟಗಾರರು ಮಾತ್ರ ಚೂರುಚೂರಾದ ಅಕ್ಷರಗಳಂತೆ ಕಂಡರೆ ಚಿತ್ರದ ಅರ್ಧದಲ್ಲಿ ದೋಷ. ತೆರೆ ಬರೀ ಒಂದೇ ಬಣ್ಣವಾಗಿ ನಿಂತರೆ ಪ್ರೋಗ್ರಾಂ ಅರ್ಧದಲ್ಲಿ. ಶಹಾಪುರದ ಸೆಟ್ಟಿನಲ್ಲಿ ಟೆನಿಸ್ ಹಾಕಿದರೆ ಅಂಪೈರ್ ಕುರ್ಚಿಯಲ್ಲಿ ಕೂತ ಮಾರಿಯೊ ಎರಡು ತುಂಡಾಗಿ ಕಾಣುತ್ತಿದ್ದ. ಸಾಕೆಟ್ಟಿನ ಆ ಬದಿಯ ಒಂದು ಹಲ್ಲು ಒಳಗೆ ಮಡಚಿತ್ತು. ಕರೆಂಟ್ ತೆಗೆದು, ಹೊಲಿಗೆ ಸೂಜಿಯಿಂದ ಕೂದಲೆಳೆಯಷ್ಟು ಮುಂದಕ್ಕೆ ಎಳೆದ ಮೇಲೆ ಸರಿಯಾಯಿತು. ಜೋರಾಗಿ ಎಳೆದರೆ ಹಲ್ಲು ಮುರಿಯುತ್ತದೆ.

ಆಟದ ಜೀವ ಇರುವುದು ರಿಮೋಟಿನಲ್ಲಿ, ಅಂದರೆ ಕೈಯಲ್ಲಿ ಹಿಡಿದು ಆಡುವ ಗುಂಡಿಗಳ ಪೆಟ್ಟಿಗೆಯಲ್ಲಿ. ಒಂದೇ ಗುಂಡಿ ಸತ್ತಿದ್ದರೆ ರಬ್ಬರಿನ ಕಪ್ಪು ಬಿಲ್ಲೆ ಸವೆದಿದೆ. ಎಲ್ಲ ಗುಂಡಿಯೂ ಸತ್ತಿದ್ದರೆ ಕೇಬಲ್ ಒಳಗೆ ತುಂಡಾಗಿದೆ. ಒಳಗೆ ಐದೇ ತಂತಿ: 5 ವೋಲ್ಟ್, ಗ್ರೌಂಡ್, ಕ್ಲಾಕ್, ಲ್ಯಾಚ್, ಡೇಟಾ. ತುಂಡಾಗುವುದು ಹೆಚ್ಚಾಗಿ ರಿಮೋಟಿನ ಕುತ್ತಿಗೆಯಲ್ಲಿ. ಯಾವ ಬಣ್ಣ ಎಲ್ಲಿತ್ತು ಎಂದು ಫೋಟೊ ತೆಗೆದಿಟ್ಟುಕೊಂಡು, ಮೂರು ಇಂಚು ಕತ್ತರಿಸಿ, ಮತ್ತೆ ಬೆಸುಗೆ ಹಾಕಿದರೆ ಮುಗಿಯಿತು. ಬಿಲ್ಲೆಗಳನ್ನು ಅದೇ ಆಲ್ಕೊಹಾಲಿನಿಂದ ಮೆಲ್ಲಗೆ ಒರೆಸಿ. ಪೆಟ್ರೋಲ್, ಥಿನ್ನರ್ ತಾಗಿದರೆ ರಬ್ಬರ್ ಉಬ್ಬುತ್ತದೆ. 6ಬಿ ಪೆನ್ಸಿಲ್ ಬಿಲ್ಲೆಗೆ ಉಜ್ಜಿದರೆ ಗುಂಡಿ ಮತ್ತೆ ಹತ್ತುತ್ತದೆ, ಆದರೆ ಬಹಳ ದಿನ ನಿಲ್ಲುವುದಿಲ್ಲ. ಎಕ್ಸೈಟ್‌ಬೈಕಿನಲ್ಲಿ ಬಿ ಗುಂಡಿ ಟರ್ಬೊ. ಅದನ್ನೇ ಎಲ್ಲರೂ ಹೆಬ್ಬೆರಳಿನಿಂದ ಅದುಮಿ ಹಿಡಿಯುವುದರಿಂದ ಮೊದಲು ಸವೆಯುವುದೂ ಅದೇ. ನಾನು ಕೆಟ್ಟ ಇನ್ನೊಂದು ರಿಮೋಟಿನ ಸೆಲೆಕ್ಟ್ ಗುಂಡಿಯ ಬಿಲ್ಲೆ ಕತ್ತರಿಸಿ ಅಲ್ಲಿ ಕೂರಿಸಿದೆ. ಅದನ್ನು ಯಾರೂ ಹೆಚ್ಚು ಒತ್ತಿರುವುದಿಲ್ಲ.

ಟಿವಿ ಆದಷ್ಟು ಹಳೆಯ ಡಬ್ಬಾ ಟಿವಿಯೇ ಇರಲಿ, ಗುಜರಿಯಲ್ಲಿ ಇನ್ನೂ ಸಿಗುತ್ತವೆ. ಅದರ ಹಿಂದಿನ ಮುಚ್ಚಳ ಮಾತ್ರ ನೀವೇ ತೆಗೆಯಬೇಡಿ. ಬಂದ್ ಮಾಡಿದ ಮೇಲೂ ಪಿಕ್ಚರ್ ಟ್ಯೂಬಿನಲ್ಲಿ ಸಾವಿರಾರು ವೋಲ್ಟ್ ಉಳಿದಿರುತ್ತದೆ. ಎಲ್‌ಇಡಿ ಟಿವಿ ಚಿತ್ರವನ್ನು ಹಿಡಿದಿಟ್ಟು ತಿದ್ದಿ ತೋರಿಸುವುದರಿಂದ ತಡವಾಗುತ್ತದೆ. ಒಂದು ಚಿತ್ರಕ್ಕೆ 20 ಮಿಲಿಸೆಕೆಂಡು; ಮೂರು ಚಿತ್ರ ತಡವಾದರೆ ಟೆನಿಸ್ ಚೆಂಡು ಬ್ಯಾಟು ದಾಟಿರುತ್ತದೆ. ಗೇಮ್ ಮೋಡ್ ಹಾಕಿದರೆ ಸ್ವಲ್ಪ ಸುಧಾರಿಸುತ್ತದೆ, ಎಚ್‌ಡಿಎಂಐ ಪರಿವರ್ತಕ ಸೇರಿಸಿದರೆ ಮತ್ತೆ ಕೆಡಬಹುದು. ಬಂದೂಕಿನ ಆಟ ಎಲ್‌ಇಡಿಯಲ್ಲಿ ನಡೆಯುವುದೇ ಇಲ್ಲ.

ಸೆಟ್ ಸಿಗದವರು ಕಂಪ್ಯೂಟರಿನಲ್ಲಿ ಎಫ್‌ಸಿಇಯುಎಕ್ಸ್ ಅಥವಾ ಮೆಸೆನ್ ಎಂಬ ಎಮ್ಯುಲೇಟರ್ ಹಾಕಿಕೊಂಡು, ರೀಜನ್ ಆಯ್ಕೆಯಲ್ಲಿ 'ಡೆಂಡಿ' (ರಷ್ಯಾದಲ್ಲಿ ಮಾರಾಟವಾದ ಇಂಥದೇ ನಕಲು ಸೆಟ್ಟಿನ ಹೆಸರು) ಆರಿಸಿ. 'ಪಾಲ್' ಎಂದು ಆರಿಸಿದರೆ ಪ್ರೊಸೆಸರ್ ವೇಗವೂ 1.66 ಮೆಗಾಹರ್ಟ್ಸ್‌ಗೆ ಇಳಿದು ಸಂಗೀತದ ಶ್ರುತಿ ಕೆಳಗೆ ಬೀಳುತ್ತದೆ. ಡೆಂಡಿಯಲ್ಲಿ ಅದು 1.77, ಜಪಾನಿನದು 1.79. ಶ್ರುತಿ ಹೆಚ್ಚುಕಡಿಮೆ ಅಲ್ಲೇ ಉಳಿದು ಓಟ ಮಾತ್ರ ನಿಧಾನವಾಗುತ್ತದೆ, ಯುಎಂಸಿ ಚಿಪ್ಪಿನ ಸೆಟ್ಟಿನಲ್ಲಿ ಆಗುವಂತೆಯೇ. ಮಾನಿಟರನ್ನು 50 ಹರ್ಟ್ಸ್‌ಗೆ ಇಳಿಸಲು ಬಂದರೆ ಇಳಿಸಿ, ಇಲ್ಲದಿದ್ದರೆ ಬೈಕ್ ಓಡುವಾಗ ಟ್ರ್ಯಾಕ್ ಜರ್ಕು ಹೊಡೆಯುತ್ತದೆ. ಆಮೇಲೆ ದೊಡ್ಡ ದಿಬ್ಬ ಹಾರಿ, ಗಾಳಿಯಲ್ಲಿದ್ದಾಗ ಎಡಬಾಣ ಒತ್ತಿ ಮುಂದಿನ ಗಾಲಿ ಎತ್ತಿ, ಇಳಿಜಾರಿಗೆ ಸರಿಯಾಗಿ ಬಾಗಿಸಿ ಇಳಿಸಿ ನೋಡಿ.