ಬಂಡೆ ಹತ್ತಲು ಕಲಿಸುವ ಪುಸ್ತಕ ಕೊಳ್ಳುತ್ತೀರಾ? ಹೆಸರಿನ ಪುಟದ ಹಿಂಬದಿ ನೋಡಿ

ಯಾದಗಿರಿ, ಶಹಾಪುರದ ಕಡೆ ಕಲ್ಲುಗುಡ್ಡಗಳಿಗೆ ಬರ ಇಲ್ಲ. ಬಾದಾಮಿಗೆ ಹೋಗಿ ಹಗ್ಗ ಕಟ್ಟಿಕೊಂಡು ಬಂಡೆ ಹತ್ತಿ ಬಂದ ಹುಡುಗ ಹುಡುಗಿಯರು ಊರಿಗೆ ಮರಳಿದ ಮೇಲೆ ಮೊದಲು ಹುಡುಕುವುದು ಪುಸ್ತಕ. ಎಡವುವುದೂ ಅಲ್ಲೇ. ರಕ್ಷಾಪುಟ ಫಳಫಳ ಅಂತಿರುತ್ತದೆ, ಒಳಗಿನ ಪಾಠ ಅವರ ಅಪ್ಪನ ಕಾಲದ್ದು. ಇದನ್ನು ಮತ್ತೆ ಮತ್ತೆ ನೋಡಿ ಬೇಸತ್ತು ಬರೆಯುತ್ತಿದ್ದೇನೆ.

ಯಾವ ಬಂಡೆಯಲ್ಲಿ ಯಾವ ದಾರಿ ಇದೆ ಅಂತ ತೋರಿಸುವ ಪುಸ್ತಕ ಬೇರೆ, ಹತ್ತುವುದನ್ನು ಕಲಿಸುವ ಪುಸ್ತಕ ಬೇರೆ. ಹೊಸಬರಿಗೆ ಬೇಕಿರುವುದು ಎರಡನೆಯದು.

ಈಗ ಹೆಸರಿನ ಪುಟ ತಿರುವಿ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಕಾಪಿರೈಟ್ ವಿವರ ಇರುತ್ತದೆ. ಇದನ್ನು ನಿಧಾನವಾಗಿ ಓದಿ. ಮರುಮುದ್ರಣದ ವರ್ಷ ನೋಡಿ ಮೋಸ ಹೋಗಬೇಡಿ. ಮರುಮುದ್ರಣ ಅಂದರೆ ಹಳೆ ಪಾಠವನ್ನೇ ಮತ್ತೆ ಅಚ್ಚು ಹಾಕಿದ್ದು, ಅಷ್ಟೇ. ನಿಮಗೆ ಬೇಕಾದದ್ದು ಪರಿಷ್ಕೃತ ಆವೃತ್ತಿಯ ವರ್ಷ. ಕೆಲವು ಪುಸ್ತಕಗಳಲ್ಲಿ ಅದೇ ಪುಟದ ಕೆಳಗೆ '10 9 8 7 6 5 4' ಅಂತ ಅಂಕಿಗಳ ಸಾಲು ಇರುತ್ತದೆ. ಅದರಲ್ಲಿ ಎಲ್ಲಕ್ಕಿಂತ ಚಿಕ್ಕದು ಎಷ್ಟನೇ ಮುದ್ರಣ ಅಂತ ಹೇಳುತ್ತದೆ. ಇಲ್ಲಿ ನಾಲ್ಕನೇ ಮುದ್ರಣ. ಆವೃತ್ತಿಗೂ ಅದಕ್ಕೂ ಸಂಬಂಧವಿಲ್ಲ. ಬೆಟ್ಟ, ಬಂಡೆ ಹತ್ತುವುದನ್ನು ಕಲಿಸುವ ಇಂಗ್ಲಿಷ್ ಪುಸ್ತಕ 'ಮೌಂಟನೀರಿಂಗ್: ದಿ ಫ್ರೀಡಂ ಆಫ್ ದಿ ಹಿಲ್ಸ್' ಮೊದಲು ಬಂದದ್ದು 1960ರಲ್ಲಿ, ಒಂಬತ್ತನೇ ಆವೃತ್ತಿ 2017ರಲ್ಲಿ, ಹತ್ತನೆಯದು 2024ರಲ್ಲಿ. ಹೆಸರು ಒಂದೇ ಅಂತ ಹಳೆಯದನ್ನು ಅಗ್ಗಕ್ಕೆ ತರಬೇಡಿ. ಆನ್‌ಲೈನ್‌ನಲ್ಲಿ ತರಿಸುವುದಾದರೆ ಮಾರುವವರಿಗೆ ಈ ಪುಟದ ಫೋಟೊ ಕೇಳಿ. ಕಳಿಸದಿದ್ದರೆ ಬಿಟ್ಟುಬಿಡಿ.

ವರ್ಷ ಸರಿಯಿದ್ದರೂ ಬಿಲೇ ಅಧ್ಯಾಯ ತೆಗೆಯದೆ ದುಡ್ಡು ಕೊಡಬೇಡಿ. ಬಿಲೇ ಅಂದರೆ ಕೆಳಗೆ ನಿಂತವರು ಹತ್ತುವವರ ಹಗ್ಗ ಕಾಯುವುದು. ಬಂಡೆ ಹತ್ತುವ ಪಾಠದಲ್ಲಿ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ನಿಲ್ಲುವುದೇ ಮುಖ್ಯ ವಿಧಾನ ಅಂತಿದ್ದರೆ ಆ ಪುಸ್ತಕ ಬೇಡ. ಬಿಲೇ ಸಾಧನ, ಅಂದರೆ ಹಗ್ಗ ಹಾಯಿಸಿ ತಡೆಯುವ ಸಲಕರಣೆ, ಇರುವ ಚಿತ್ರಗಳಲ್ಲಿ ಕೈಗಳನ್ನೇ ನೋಡಿ. ಸಡಿಲ ಹಗ್ಗ ಎಳೆದ ಮೇಲೆ ಬ್ರೇಕ್ ಕೈ, ಅಂದರೆ ಬಿದ್ದವರನ್ನು ತಡೆಯಲು ಹಗ್ಗ ಹಿಡಿದ ಕೈ, ತಕ್ಷಣ ಕೆಳಗಿಳಿಯಬೇಕು. ಇನ್ನೊಂದು ಕೈ ಬಂದು ಅದರ ಕೆಳಗೆ ಹಗ್ಗ ಹಿಡಿಯಬೇಕು. ಆಮೇಲೆ ಬ್ರೇಕ್ ಕೈ ಹಗ್ಗ ಬಿಡದೆ ಸಾಧನದ ಹತ್ತಿರ ಜಾರಬೇಕು. ಸಾಧನದ ಎರಡೂ ಬದಿಯ ಹಗ್ಗವನ್ನು ಮುಖದ ಮುಂದೆ ಒಂದೇ ಕೈಯಲ್ಲಿ ಒತ್ತಿ ಹಿಡಿದಿರುವ ಚಿತ್ರ ಹಳೆಯ ಪಾಠದ್ದು. ಆ ಗಳಿಗೆಯಲ್ಲಿ ಮೇಲಿನವರು ಬಿದ್ದರೆ ಹಗ್ಗ ನಿಲ್ಲಿಸುವುದು ಕಷ್ಟ.

ಮುಂದೆ ಆ್ಯಂಕರ್, ಅಂದರೆ ಹಗ್ಗವನ್ನು ಬಂಡೆಗೆ ಭದ್ರವಾಗಿ ನಿಲ್ಲಿಸುವ ಕಟ್ಟು. ಬಂಡೆಯಲ್ಲಿ ಕೂರಿಸಿದ ಎರಡು ಬೋಲ್ಟ್‌ಗಳ ನಡುವೆ ಒಂದೇ ಪಟ್ಟಿಯನ್ನು ತ್ರಿಕೋನವಾಗಿ ಹಾಯಿಸಿದ ಚಿತ್ರವಿದ್ದು, ಪಕ್ಕದಲ್ಲಿ ಎಚ್ಚರಿಕೆ ಇಲ್ಲದಿದ್ದರೆ ಪುಸ್ತಕ ಅಲ್ಲೇ ಇಡಿ. ಕೆಳಗಿನ ಕೋನ 60 ಡಿಗ್ರಿ ಇದ್ದು 100 ಕೆಜಿ ತೂಗಿದರೆ, ವಿ ಆಕಾರದ ಕಟ್ಟಿನಲ್ಲಿ ಒಂದೊಂದು ಬೋಲ್ಟ್ ಮೇಲೆ ಸುಮಾರು 58 ಕೆಜಿ ಬೀಳುತ್ತದೆ. ತ್ರಿಕೋನದಲ್ಲಿ ಒಂದೊಂದರ ಮೇಲೂ 100.

ಹತ್ತುವವರು ಹಗ್ಗವನ್ನು ಸೊಂಟಪಟ್ಟಿಗೆ ಕಟ್ಟಿಕೊಳ್ಳುವ ಎಂಟರ ಗಂಟು ಎಲ್ಲ ಪುಸ್ತಕದಲ್ಲೂ ಒಂದೇ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಜೆರಾಕ್ಸ್ ಮಾಡಿ ಬೈಂಡ್ ಹಾಕಿದ ಪ್ರತಿ ಮಾತ್ರ ಬೇಡವೇ ಬೇಡ. ಕೆಂಪು ಹಗ್ಗ, ನೀಲಿ ಹಗ್ಗ ಎರಡೂ ಕಪ್ಪಾದರೆ ಯಾವುದು ಎಲ್ಲಿಂದ ಹೋಗುತ್ತದೆ ಅಂತ ಹೇಗೆ ಗೊತ್ತಾಗಬೇಕು? ನನ್ನ ಆಯ್ಕೆ ಫೋಟೊಗಿಂತ ಬಣ್ಣದ ರೇಖಾಚಿತ್ರ ಇರುವ ಪುಸ್ತಕ. ಇಂಗ್ಲಿಷ್ ಅಷ್ಟಕ್ಕಷ್ಟೇ ಅನ್ನುವವರಿಗೂ ಅದು ದಾರಿ ತೋರಿಸುತ್ತದೆ.

ಪುಸ್ತಕ ಕೈಗೆ ಬಂತು ಅಂತ ನೇರ ಗುಡ್ಡಕ್ಕೆ ಹೋಗಬೇಡಿ. ಕಲಿತವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಲೇ ಅಧ್ಯಾಯವನ್ನು ನೆಲದ ಮೇಲೇ ಮಾಡಿ ನೋಡಿ. ಮುಂದೆ ಆ ಪುಸ್ತಕವನ್ನು ತಮ್ಮನಿಗೋ ತಂಗಿಗೋ ಕೊಡುವ ಹೊತ್ತಿಗೆ ಹೊಸ ಆವೃತ್ತಿ ಬಂದಿದೆಯಾ ಅಂತ ವಿಚಾರಿಸಿ, ಬಂದಿದ್ದರೆ ಅದನ್ನೇ ಕೊಡಿಸಿ.